ಏಣಿಯ ಬೀಗ

ಫೆಬ್ರವರಿ 21, 2025, ಶುಕ್ರವಾರ

ಇವತ್ತು ಜುಮ್ಮಾ ನಮಾಜಿಗೆ ಹಾಕಿಕೊಂಡು ಹೋದ ಬಿಳಿ ಜುಬ್ಬಾದ ಮೇಲೆ ಹಳದಿ ಚುಕ್ಕೆಗಳು. ಬೆನ್ನಿಗೆ ಹನ್ನೊಂದು, ತೋಳಿಗೆ ನಾಲ್ಕು. ಹಿಂದಿನ ಸಾಲಿನವರು ನಮಾಜು ಬಿಟ್ಟು ಅದನ್ನೇ ಎಣಿಸಿದರೇನೋ, ಹೊರಗೆ ಬಂದ ಮೇಲೆ ಸರಿಯಾಗಿ ಸಂಖ್ಯೆ ಹೇಳಿದರು. ಮನೆಗೆ ಬಂದರೆ ಹೆಂಡತಿ ಸುಗ್ರಾ ಒಣಹಾಕಿದ ಬೆಡ್‌ಶೀಟಿಗೂ ಅದೇ ಗತಿ.

ಇದು ಮನೆ ಎದುರಿನ ಎತ್ತರದ ನೀರಿನ ಟ್ಯಾಂಕಿನದೇ ಕಿತಾಪತಿ. ದೀಪಾವಳಿಗೆ ಮುಂಚೆ ಒಳಗೆ ಬಣ್ಣ ಹೊಡೆದಿದ್ದರು. ಅದು ಕಿತ್ತು ಬಂದು ಎಲ್ಲೋ ಸಂದಿನಲ್ಲಿ ಸೋರಿ ಗಾಳಿಗೆ ಹಾರುತ್ತಿದೆ. ಊರೆಲ್ಲ ಕುಡಿಯುವ ನೀರು, ನೀರುಗಂಟಿ ನಾನು, ನಾಳೆ ಯಾರಿಗಾದರೂ ಏನಾದರೂ ಆದರೆ ಉತ್ತರ ಕೊಡಬೇಕಾದವನೂ ನಾನೇ.

ನೀರು ಬಿಟ್ಟ ಹೊತ್ತು ಬರೆದಿಡಲು ಪಂಚಾಯ್ತಿಯಿಂದ ಈ ವರ್ಷ ಎರಡು ಪುಸ್ತಕ ಬಂದವು. ಎರಡನೆಯದು ಇದು. ಯಾರೂ ಕೇಳುವುದಿಲ್ಲವಾದ್ದರಿಂದ ಇದರಲ್ಲಿ ನನ್ನ ಸಂಕಟ ಬರೆದುಕೊಳ್ಳುತ್ತೇನೆ. ಮನೆಯಲ್ಲಿ ಆಡುವುದು ಉರ್ದು, ಆದರೆ ಕಲಿತದ್ದು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ಹಾಗಾಗಿ ಸುಗ್ರಾ ಬೈದದ್ದೂ ಇಲ್ಲಿ ಕನ್ನಡದಲ್ಲೇ ಇರುತ್ತದೆ.

ನಿಜವಾದ ಸಂಕಟ ಬೇರೆ. ಟ್ಯಾಂಕಿನ ಹೊಟ್ಟೆಯ ಕೆಳಗೆ ಹೆಜ್ಜೇನು ಕಟ್ಟಿದೆ. ನಲವತ್ತೊಂದು ಗೂಡು. ಪ್ರತಿ ನವೆಂಬರಿನಲ್ಲಿ ಮೊದಲ ಗೂಡು ಊಟದ ತಟ್ಟೆಯಷ್ಟಿರುವಾಗಲೇ ಏಣಿ ಹತ್ತಿ, ಗಳುವಿಗೆ ಸೀಮೆಎಣ್ಣೆ ಬಟ್ಟೆ ಸುತ್ತಿ ಸುಟ್ಟುಬಿಡುತ್ತಿದ್ದೆ. ಇಪ್ಪತ್ತೆರಡು ವರ್ಷ ಒಂದನ್ನೂ ಉಳಿಸಿಲ್ಲ. ಈ ಸಲ ನವೆಂಬರಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದೆ. ದರಿದ್ರ ಹುಳಗಳು ಅದೇ ಸಮಯ ನೋಡಿ ಬಂದು ಸಂಸಾರ ಹೂಡಿದವು.

ಸೋಮವಾರ ಮಗಳು ಬುಶ್ರಾ ಹೊನ್ನಾಳಿಯಿಂದ ಬರುತ್ತಾಳೆ. ಚೊಚ್ಚಲ ಹೆರಿಗೆ, ತವರಲ್ಲೇ ಆಗಬೇಕು. ಐದು ವರ್ಷದವಳಿದ್ದಾಗ ಒಂದೇ ಒಂದು ಹೆಜ್ಜೇನು ಕಚ್ಚಿದ್ದಕ್ಕೆ ಅವಳ ಮುಖ ಊದಿ ಉಸಿರು ನಿಲ್ಲುವುದರಲ್ಲಿತ್ತು. ಅವಳ ಮೈಗೆ ಆ ವಿಷ ಆಗುವುದಿಲ್ಲ. ನಮ್ಮ ಮನೆ ಬಾಗಿಲಿನಿಂದ ಟ್ಯಾಂಕಿಗೆ ಮೂವತ್ತು ಹೆಜ್ಜೆ.

ಫೆಬ್ರವರಿ 22, ಶನಿವಾರ

ವಾಷ್‌ಔಟ್ ವಾಲ್ವ್ ತೆಗೆದು ಐವತ್ತು ಸಾವಿರ ಲೀಟರ್ ನೀರು ಚರಂಡಿಗೆ ಬಿಟ್ಟೆ. ಕೆಳಗಿನಿಂದಲೇ ಮೂರು ಸಲ ತುಂಬಿಸಿ ತೊಳೆದೆ. ಊರಿಗೆ ಒಂದು ದಿನ ನೀರಿಲ್ಲ. ನನಗೆ ಸಿಕ್ಕ ಬೈಗುಳ ಬರೆದರೆ ಈ ಪುಸ್ತಕ ಸಾಲದು. ಇರಲಿ, ಇನ್ನು ಹಳದಿ ಬೀಳುವುದಿಲ್ಲ.

ಫೆಬ್ರವರಿ 23, ಭಾನುವಾರ

ಬಿತ್ತು. ಪಕ್ಕದ ಮನೆಯ ಜಯಪ್ಪನ ಬಿಳಿ ಕಾರಿನ ಮೇಲೆ, ಅದೂ ತೊಳೆದು ನಿಲ್ಲಿಸಿದ ಅರ್ಧ ಗಂಟೆಗೆ.

ಫೆಬ್ರವರಿ 27, ಗುರುವಾರ

ಬುಶ್ರಾ ಬಂದು ಮೂರು ದಿನವಾಯಿತು. ಅಳಿಯ ಆರಿಫ್ ಕಾರಿನಿಂದ ಇಳಿಸಿ ಬಾಗಿಲವರೆಗೆ ತನ್ನ ಕೋಟು ಹೊದಿಸಿ ಕರೆತಂದ. ಅಂದಿನಿಂದ ಅವಳು ಹೊರಗೆ ಕಾಲಿಟ್ಟಿಲ್ಲ. ಸುಗ್ರಾ ನನ್ನ ಮುಖ ನೋಡಿದಾಗಲೆಲ್ಲ ಟ್ಯಾಂಕಿನ ಕಡೆಗೂ ಒಮ್ಮೆ ನೋಡುತ್ತಾಳೆ.

ಹಳದಿಯ ಗುಟ್ಟು ಇವತ್ತು ಬಯಲಾಯಿತು. ಕತ್ತಲಗೆರೆ ಕೃಷಿ ಕೇಂದ್ರದಿಂದ ಸುಧಾ ಎಂಬ ಮೇಡಂ ಬಂದಿದ್ದರು, ಜಯಪ್ಪ ತನ್ನ ಕುಂಬಳದ ಬಳ್ಳಿ ತೋರಿಸಲು ಕರೆಸಿದ್ದು. ಹಾಗೇ ನನ್ನ ಜುಬ್ಬಾವನ್ನೂ ತೋರಿಸಿದೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ ನಕ್ಕರು.

"ಸಾಬ್ರೆ, ಇದು ಬಣ್ಣ ಅಲ್ರಿ. ಜೇನಿನ ಕಕ್ಕ. ಬಿಸಿಲು ಏರಿದಾಗ ಗೂಡಿಂದ ಸಾವಿರಾರು ಹುಳ ಒಟ್ಟಿಗೆ ಹಾರಿ ಹೊರಗಡೆ ಹೋಗಿ ಬರ್ತಾವೆ. ಗೂಡೊಳಗೆ ಗಲೀಜು ಮಾಡಲ್ಲ. ಹಗುರಾದ್ರೆ ಮೈ ಸೆಕೆನೂ ಕಡಿಮೆ ಆಗ್ತೈತೆ."

"ನಾನು ಊರ ನೀರೆಲ್ಲ ಚೆಲ್ಲಿಬಿಟ್ಟೆನಲ್ರಿ ಮೇಡಂ."

"ಈ ಹಳದಿ ಮಳೆ ನೋಡಿ ಬೇರೆ ಕಡೆ ವಿಷಾನೇ ಸುರೀತಿದಾರೆ ಅಂತ ಹೆದರಿದ್ರಂತೆ. ನೀವು ನೀರು ಚೆಲ್ಲಿದ್ದು ಏನೂ ಅಲ್ಲ ಬಿಡ್ರಿ."

ಹೂವಿನ ಪರಾಗದ ಹೊಟ್ಟು ಅದು, ಅದಕ್ಕೇ ಹಳದಿ. ಐವತ್ತೇಳು ವರ್ಷಕ್ಕೆ ನಾನು ಹುಳದ ಕಕ್ಕಕ್ಕೆ ಹೆದರಿ ಟ್ಯಾಂಕು ಖಾಲಿ ಮಾಡಿದವನಾದೆ. ಒಳಗೆ ಬುಶ್ರಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬಂದ ಮೇಲೆ ಅವಳು ನಕ್ಕದ್ದು ಇದೇ ಮೊದಲು.

ಗೂಡು ಸುಡುವ ಮಾತು ತೆಗೆದಾಗ ಮೇಡಂ ನಗು ನಿಲ್ಲಿಸಿದರು. ಸುಟ್ಟರೆ ಎಲ್ಲ ಹುಳ ಸಾಯುವುದಿಲ್ಲ, ಉಳಿದವು ನಾಲ್ಕೈದು ದಿನ ಅಲ್ಲೇ ಸುತ್ತುತ್ತಾ ಸಿಕ್ಕವರ ಮೇಲೆ ಬೀಳುತ್ತವೆ ಎಂದರು. ಹೊಂಗೆ ಹೂವು ಮುಗಿದು ಸೆಕೆ ಹೆಚ್ಚಾದಾಗ ಅವಾಗಿಯೇ ಎದ್ದು ಹೋಗುತ್ತವಂತೆ. ಯಾವಾಗ ಎಂದು ಕೇಳಿದೆ. ಏಪ್ರಿಲ್ ಕೊನೆ, ಇಲ್ಲವೇ ಮೇ. ಬುಶ್ರಾಗೆ ಡಾಕ್ಟರು ಕೊಟ್ಟ ದಿನ ಏಪ್ರಿಲ್ ಹದಿನೆಂಟು.

ಸುಗ್ರಾ ಮೇಡಂ ಹೋದ ಮೇಲೆ ಹೇಳಿದಳು, "ಅವರು ಓದಿದವರು, ಅವರ ಮಗಳು ಇಲ್ಲಿ ಮಲಗಿಲ್ಲ." ಜಯಪ್ಪನ ಕಡೆಯಿಂದ ಚನ್ನಗಿರಿಯ ಓಂಕಾರ್ ಎಂಬ ಜೇನು ಇಳಿಸುವವನಿಗೆ ಫೋನು ಮಾಡಿಸಿದಳು. ಹೆಜ್ಜೇನು ಬೆಳದಿಂಗಳಲ್ಲೂ ಹಾರಿ ಕಚ್ಚುತ್ತದೆ, ಮುಂದಿನ ಅಮಾವಾಸ್ಯೆಗೇ ಬರುತ್ತೇನೆ ಎಂದನಂತೆ. ಮಾರ್ಚ್ 29. ನಾನೂ ಹೂಂ ಎಂದೆ. ಏಣಿಗೆ ಕಬ್ಬಿಣದ ಬಾಗಿಲಿದೆ, ಅದರ ಬೀಗದ ಕೈ ನನ್ನ ಸೊಂಟದ ದಾರದಲ್ಲಿದೆ.

ಮಾರ್ಚ್ 5, ಬುಧವಾರ

ರಂಜಾನಿನ ನಾಲ್ಕನೇ ರೋಜಾ. ಬೆಳಿಗ್ಗೆಯಿಂದ ಊರಿಗೆಲ್ಲ ನೀರು ಬಿಡುವುದು, ತಾನು ಗುಟುಕು ಕುಡಿಯದಿರುವುದು.

ಇವತ್ತು ಒಂದು ವಿಷಯ ಗಮನಿಸಿದೆ. ನಾನು ವಾಲ್ವ್ ತಿರುಗಿಸಿದಾಗ ಪೈಪಿನೊಳಗಿನ ಗಾಳಿ ಒದ್ದು ಧಡ್ ಎನ್ನುತ್ತದೆ. ಟ್ಯಾಂಕಿನ ಕಂಬ ಹತ್ತಿ ಆ ನಡುಕ ಮೇಲಕ್ಕೆ ಹೋಗುತ್ತದೆ. ಆ ಕ್ಷಣಕ್ಕೆ ಎಲ್ಲ ಗೂಡುಗಳ ಮೇಲೂ ಒಂದು ಅಲೆ ಓಡಿತು, ಭತ್ತದ ಗದ್ದೆಯ ಮೇಲೆ ಗಾಳಿ ಹೋದ ಹಾಗೆ. ಸುಧಾ ಮೇಡಂಗೆ ಫೋನು ಮಾಡಿ ಕೇಳಿದೆ. ಹುಳಗಳು ಒಂದರ ಹಿಂದೆ ಒಂದು ಬಾಲ ಎತ್ತುವುದಂತೆ ಅದು. ಶತ್ರು ಬಂದರೆ ಹಾಗೆ ಮಾಡಿ ಹೆದರಿಸುತ್ತವೆ. ಅಂದರೆ ಇಷ್ಟು ದಿನ ದಿನಕ್ಕೆ ಎರಡು ಸಲ ಅವುಗಳ ಬಾಗಿಲು ಒದ್ದವನು ನಾನೇ.

ನಾಳೆಯಿಂದ ವಾಲ್ವ್ ನಿಧಾನಕ್ಕೆ ತಿರುಗಿಸಿ ನೋಡುತ್ತೇನೆ. ಬುಶ್ರಾ ಸಲುವಾಗಿ, ಹುಳದ ಸಲುವಾಗಿಯಲ್ಲ.

ಮಾರ್ಚ್ 9, ಭಾನುವಾರ

ಪೂರ್ತಿ ತೆಗೆಯಲು ನಲವತ್ತು ಸುತ್ತು. ಒಂದು ಸುತ್ತಿಗೆ ಹತ್ತು ಎಣಿಸಿದರೆ ಪೈಪು ಸದ್ದು ಮಾಡುವುದಿಲ್ಲ. ಅವು ಅಲುಗುವುದಿಲ್ಲ. ಕೊನೆಯ ಓಣಿಗೆ ನೀರು ತಡವಾಗುತ್ತದೆ ಎಂದು ದೂರು ಬಂದಿದೆ, ಬರಲಿ.

ಕಿಟಕಿಗಳಿಗೆಲ್ಲ ಸೊಳ್ಳೆ ಪರದೆ ಹೊಡೆದಿದ್ದೇನೆ. ಅಂಗಳದ ಕಡೆಯ ಕಿಟಕಿಯಲ್ಲಿ ಕೂತು ಬುಶ್ರಾ ಮಧ್ಯಾಹ್ನವೆಲ್ಲ ಟ್ಯಾಂಕು ನೋಡುತ್ತಾಳೆ. ಯಾವ ಗೂಡಿನವು ಎಷ್ಟು ಹೊತ್ತಿಗೆ ಹಾರುತ್ತವೆ ಎಂದು ಅವಳಿಗೆ ಬಾಯಿಪಾಠವಾಗಿದೆ. "ಅಬ್ಬಾ, ಮೂರು ಗಂಟೆ ಆಯ್ತು, ಬಟ್ಟೆ ಎತ್ಕಳಾಕೆ ಅಮ್ಮೀಗೆ ಹೇಳ್ರಿ," ಎಂದಳು. ಸರಿಯಾಗಿ ಐದು ನಿಮಿಷಕ್ಕೆ ಹಳದಿ ಬಿತ್ತು.

ಮಾರ್ಚ್ 14, ಶುಕ್ರವಾರ

ಜುಮ್ಮಾಗೆ ಕೊಡೆ ಹಿಡಿದುಕೊಂಡು ಹೋದೆ. ಮೋಡವಿಲ್ಲದ ಆಕಾಶಕ್ಕೆ ಕೊಡೆ ಹಿಡಿದವನನ್ನು ಕಂಡು ನಕ್ಕವರೆಲ್ಲ ವಾಪಸ್ ಬರುವಾಗ ಹಳದಿಯಾಗಿದ್ದರು.

ಮಾರ್ಚ್ 20, ಗುರುವಾರ

ಬರೆಯುವುದಿಲ್ಲ ಎಂದುಕೊಂಡಿದ್ದೆ. ಬರೆಯುತ್ತೇನೆ.

ಬುಶ್ರಾಗೆ ಐದು ವರ್ಷ, ಆಗ ನನಗೆ ಈ ಕೆಲಸ ಸಿಕ್ಕ ಹೊಸತು. ಟ್ಯಾಂಕಿನ ಮೇಲೆ ನಿಂತರೆ ಸೂಳೆಕೆರೆಯ ನೀರು ಗುಡ್ಡದಿಂದ ಗುಡ್ಡಕ್ಕೆ ಕಾಣುತ್ತದೆ. ಅದನ್ನು ಮಗಳಿಗೆ ತೋರಿಸುವ ಹುಚ್ಚು. ಸುಗ್ರಾಗೆ ಹೇಳದೆ ಅವಳದೇ ದುಪಟ್ಟಾದಲ್ಲಿ ಬುಶ್ರಾಳನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿದೆ. ಮೇಲೆ ಹೋಗಿ ಹೆಗಲ ಮೇಲೆ ಕೂರಿಸಿಕೊಂಡೆ. ಇಳಿಯುವಾಗ ಒಂದು ಹುಳ ಅವಳ ಕತ್ತಿಗೆ ಕಚ್ಚಿತು. ಚನ್ನಗಿರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಸೂಜಿ ಹಾಕಿದ ಡಾಕ್ಟರು ಹತ್ತು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಹೇಳಿದರು. ಅದನ್ನು ಮಾತ್ರ ಬರೆಯಲಾರೆ.

ಸುಗ್ರಾ ಇಪ್ಪತ್ತೆರಡು ವರ್ಷದಲ್ಲಿ ನನ್ನೆದುರು ಒಮ್ಮೆಯೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಅಂದಿನಿಂದ ನಾನು ಪ್ರತಿ ವರ್ಷ ಗೂಡು ಸುಟ್ಟೆ. ಎಷ್ಟೋ ಸಲ ಏಣಿ ಹತ್ತಿದೆ, ಕೆರೆಯ ಕಡೆ ತಿರುಗಿ ನೋಡಲಿಲ್ಲ. ತಪ್ಪು ನನ್ನದು, ಸುಟ್ಟಿದ್ದು ಅವನ್ನು.

ಮಾರ್ಚ್ 27, ಗುರುವಾರ

ಓಂಕಾರ್ ಜಾಗ ನೋಡಲು ಬಂದಿದ್ದ. ಮೈಯೆಲ್ಲ ಹೊಗೆಸೊಪ್ಪಿನ ವಾಸನೆ, ಕೆಲಸ ಗೊತ್ತಿರುವ ಮನುಷ್ಯ. ಟ್ಯಾಂಕಿನ ಕೆಳಗೆ ನಿಂತು ಗೂಡುಗಳನ್ನು ಎಣಿಸಿದ.

"ಮೊದಲು ಕೆರೆಬಿಳಚಿ ದಾರಿಯ ಆಲದ ಮರದಾಗೆ ಇಂಥವು ಅರವತ್ತು ಇರ್ತಿದ್ವು ಸಾಬ್ರೆ. ರಸ್ತೆ ಅಗಲ ಮಾಡಾಕೆ ಮರ ಕಡಿದ್ರು. ಎಲ್ಲಿಗೆ ಹೋಗ್ತಾವೆ, ನಿಮ್ಮ ಟ್ಯಾಂಕಿಗೇ ಬಂದಾವೆ." ಆಮೇಲೆ ಕೈ ಚಾಚಿದ. "ಬೀಗದ ಕೈ ಕೊಡ್ರಿ, ಏಣಿ ಗಟ್ಟಿ ಐತಾ ನೋಡ್ತೀನಿ."

ಬೀಗದ ಕೈ ಎಲ್ಲೋ ಬಿದ್ದುಹೋಗಿದೆ ಎಂದೆ.

ಯಾಕೆ ಹಾಗೆ ಹೇಳಿದೆನೋ ತಿಳಿಯದು. ಅದು ಸೊಂಟದಲ್ಲೇ ಚುಚ್ಚುತ್ತಿತ್ತು. ರೋಜಾ ಇದ್ದುಕೊಂಡು ಸುಳ್ಳು ಹೇಳಿದವನಾದೆ. ಇಪ್ಪತ್ತಾರು ದಿನ ಹಸಿದದ್ದು ಒಂದು ಮಾತಿಗೆ ನೀರುಪಾಲಾಯಿತೋ ಏನೋ.

ಮಾರ್ಚ್ 29, ಶನಿವಾರ

ಅಮಾವಾಸ್ಯೆ. ಬೆಳಿಗ್ಗೆಯೇ ಓಂಕಾರನಿಗೆ ಫೋನು ಮಾಡಿದೆ. "ಬೀಗದ ಕೈ ನನ್ನ ಹತ್ರನೇ ಐತೆ ಓಂಕಾರಣ್ಣ. ಮೊನ್ನೆ ಸುಳ್ಳು ಹೇಳ್ದೆ. ಕೊಡಾಕೆ ಮನಸ್ಸಿಲ್ಲ. ಬರಬ್ಯಾಡ್ರಿ." ಅವನು ಬೈಯಲಿಲ್ಲ. ತನಗೂ ಊರ ನೀರಿನ ಮೇಲೆ ಬೆಂಕಿ ಹಿಡಿಯುವುದು ಇಷ್ಟವಿರಲಿಲ್ಲ ಎಂದ.

ಸುಗ್ರಾ ಎಲ್ಲ ಕೇಳಿಸಿಕೊಂಡು ನಿಂತಿದ್ದಳು. "ಮಗಳಿಗೇನಾದ್ರೂ ಆದ್ರೆ?" ಎಂದಷ್ಟೇ ಕೇಳಿದಳು. ಸುಟ್ಟರೇ ಆಗುವ ಸಾಧ್ಯತೆ ಹೆಚ್ಚು ಎಂದು ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಆರೋಗ್ಯ ಕೇಂದ್ರದಲ್ಲಿ ಸೂಜಿ ಮದ್ದು ತೆಗೆದಿಡಿಸಿದ್ದನ್ನೂ ಹೇಳಿದೆ. ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು.

ಮಾರ್ಚ್ 31, ಸೋಮವಾರ

ಈದ್. ನಿನ್ನೆ ಜಯಪ್ಪನ ಮನೆಯಿಂದ ಯುಗಾದಿ ಹೋಳಿಗೆ ಬಂತು, ಇವತ್ತು ನಮ್ಮ ಮನೆಯಿಂದ ಶೀರ್‌ಖುರ್ಮಾ ಹೋಯಿತು. ಸುಗ್ರಾ ನನ್ನ ಬಟ್ಟಲನ್ನು ಮಾತಿಲ್ಲದೆ ಮುಂದಿಟ್ಟಳು. ದ್ರಾಕ್ಷಿ ಮಾತ್ರ ಎಂದಿನಷ್ಟೇ ಹಾಕಿದ್ದಳು.

ಏಪ್ರಿಲ್ 8, ಮಂಗಳವಾರ

ಜಯಪ್ಪನ ಕುಂಬಳ ಈ ವರ್ಷ ಕಾಯಿ ಕಚ್ಚಿದ ಹಾಗೆ ಯಾವತ್ತೂ ಕಚ್ಚಿಲ್ಲವಂತೆ. ನಮ್ಮ ಹುಳಗಳು ಬೆಳಿಗ್ಗೆ ಆರಕ್ಕೇ ಅಲ್ಲಿ ಹೂವಿನಲ್ಲಿರುತ್ತವೆ.

ನಿಧಾನಕ್ಕೆ ಓಡಾಡಬೇಕು, ಹುಳ ಎದ್ದರೆ ಕೈ ಬೀಸಬಾರದು, ಅವು ಸುಮ್ಮನೆ ಎದ್ದಿದ್ದರೆ ನಿಂತಲ್ಲೇ ನಿಲ್ಲಬೇಕು, ಕಚ್ಚಲು ಶುರು ಮಾಡಿದರೆ ಮಾತ್ರ ಮುಖ ಮುಚ್ಚಿಕೊಂಡು ಒಳಗೆ ಓಡಬೇಕು. ಇಷ್ಟನ್ನು ಬುಶ್ರಾಗೆ ದಿನಾ ಹೇಳುತ್ತೇನೆ. "ನನಗೆ ಬಂತು ಅಬ್ಬಾ, ನಿಮಗೆ ಬಂದೈತಾ?" ಎನ್ನುತ್ತಾಳೆ.

ಏಪ್ರಿಲ್ 16, ಬುಧವಾರ. ಆಸ್ಪತ್ರೆಯ ಬೆಂಚಿನ ಮೇಲೆ

ತೊಡೆಯ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಹೇಗೆ ಬಂದರೂ ಬರಲಿ.

ಹತ್ತೂವರೆಗೆ ನೋವು ಶುರುವಾಯಿತು. 108ಕ್ಕೆ ಫೋನು ಮಾಡಿ ಸೈರನ್ ಹಾಕಬೇಡಿ, ಮಸೀದಿ ತಿರುವಿನಲ್ಲೇ ನಿಲ್ಲಿಸಿ ಎಂದೆ. ಆಂಬುಲೆನ್ಸ್ ಬರುವಷ್ಟರಲ್ಲಿ ಮಧ್ಯಾಹ್ನದ ನೀರು ಬಿಡುವ ಹೊತ್ತಾಗಿತ್ತು. ಜಯಪ್ಪ ಬಾಗಿಲಲ್ಲಿ ನಿಂತು, "ನೀವು ಮಗಳನ್ನ ನೋಡ್ಕಳ್ರಿ ಸಾಬ್ರೆ, ನೀರು ನಾನು ಬಿಡ್ತೀನಿ," ಎಂದ. ದೊಡ್ಡ ಉಪಕಾರ ಎಂದುಕೊಂಡೆ. ನಲವತ್ತು ಸುತ್ತಿನ ಮಾತು ಅವನಿಗೆ ನಾನು ಹೇಳಿಯೇ ಇರಲಿಲ್ಲ. ಹುಳಕ್ಕೆ ಹೆದರಿ ವಾಲ್ವ್ ಮೆಲ್ಲಗೆ ತಿರುಗಿಸುತ್ತೇನೆಂದರೆ ಊರು ನಗುತ್ತದೆಂದು ಯಾರಿಗೂ ಹೇಳಿರಲಿಲ್ಲ.

ಬುಶ್ರಾಗೆ ತಲೆಯಿಂದ ಮೊಣಕಾಲವರೆಗೆ ಸೊಳ್ಳೆ ಪರದೆ ಹೊದಿಸಿ, ಒಂದು ಕಡೆ ಸುಗ್ರಾ ಒಂದು ಕಡೆ ನಾನು ಹಿಡಿದು ಹೊರಟೆವು. ಟ್ಯಾಂಕಿನ ಪಕ್ಕಕ್ಕೆ ಬಂದಿದ್ದೆವು. ಧಡ್ ಎಂದಿತು.

ಇಂಥ ಸದ್ದು ಒಂದೂವರೆ ತಿಂಗಳಿಂದ ಆಗಿರಲಿಲ್ಲ. ತಲೆ ಎತ್ತಿದೆ. ನಲವತ್ತೊಂದು ಗೂಡಿನ ಮೇಲೂ ಅಲೆ ಎದ್ದಿತು. ಒಂದು ಗೂಡಿನಿಂದ ಹುಳಗಳು ಕಳಚಿ ಸುರಿದು ಗಾಳಿಯಲ್ಲಿ ಹರಡಿದವು. ಸುತ್ತ ಕತ್ತಲಾದಂತಾಯಿತು. ನಾನು ಬುಶ್ರಾಳನ್ನು ಎತ್ತಿಕೊಂಡು ಓಡಲು ಬಗ್ಗಿದೆ. ಮೇಡಂ ಹೇಳಿದ್ದೆಲ್ಲ ತಲೆಯಿಂದ ಹಾರಿಹೋಗಿತ್ತು.

"ಅಬ್ಬಾ, ನಿಲ್ರಿ," ಎಂದಳು ಬುಶ್ರಾ. ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ಹೇಳಿದಳು. "ಓಡಬ್ಯಾಡ್ರಿ. ಇನ್ನೂ ಕಚ್ಚಿಲ್ಲ. ನಿಂತಲ್ಲೇ ನಿಲ್ರಿ."

ನಿಂತೆವು. ಅತ್ತ ಜಯಪ್ಪನಿಗೆ ತಪ್ಪು ಗೊತ್ತಾಗಿ ವಾಲ್ವ್ ಮುಚ್ಚಲು ಹೋಗುತ್ತಿದ್ದ. ಗಬಕ್ಕನೆ ಮುಚ್ಚಿದರೆ ಇನ್ನೂ ಜೋರಾಗಿ ಹೊಡೆಯುತ್ತದೆ. ಕೂಗುವಂತಿಲ್ಲ. ಮೆಲ್ಲಗೆ ಅಂಗೈ ತೋರಿಸಿದೆ. ಪುಣ್ಯಾತ್ಮ ಅರ್ಥ ಮಾಡಿಕೊಂಡು ಕೈ ತೆಗೆದ. ಹುಳಗಳು ಪರದೆಯ ಮೇಲೆ ಕೂತು ನಡೆದಾಡಿದವು, ಬುಶ್ರಾಳ ಕಣ್ಣಿನಿಂದ ಎರಡು ಬೆರಳು ದೂರದಲ್ಲಿ. ಅವಳು ಅವನ್ನು ನೋಡುತ್ತಿದ್ದಳು. ಸುಗ್ರಾ ಕಣ್ಣು ಮುಚ್ಚಿ ದುವಾ ಓದುತ್ತಿದ್ದಳು. ನನಗೆ ಏನೂ ಓದಲು ಬರಲಿಲ್ಲ, ಒಂದು, ಎರಡು ಎಂದು ವಾಲ್ವಿನ ಎಣಿಕೆಯೇ ಬಾಯಿಗೆ ಬಂತು. ಹನ್ನೊಂದನೇ ಸುತ್ತಿನ ಹೊತ್ತಿಗೆ ಒಂದೊಂದಾಗಿ ಎದ್ದು ಮೇಲಕ್ಕೆ ಹೋದವು. ಗೂಡು ಮತ್ತೆ ಕಪ್ಪಗೆ ತುಂಬಿಕೊಂಡಿತು.

ಆಂಬುಲೆನ್ಸಿನಲ್ಲಿ ಕೂತ ಮೇಲೆ ನರ್ಸು ನನ್ನ ಕತ್ತಿನಿಂದ ಮುಳ್ಳು ಕೆರೆದು ತೆಗೆದರು. ಒಂದೇ ಒಂದು. ಕಚ್ಚಿದ್ದು ಗೊತ್ತೇ ಆಗಿರಲಿಲ್ಲ. ಬುಶ್ರಾಗೆ ಒಂದೂ ಇಲ್ಲ.

ಏಪ್ರಿಲ್ 17, ಗುರುವಾರ

ಹೆಣ್ಣು ಮಗು. ಎರಡು ಮುಕ್ಕಾಲು ಕೆ.ಜಿ. ಇಬ್ಬರೂ ಚೆನ್ನಾಗಿದ್ದಾರೆ. ಅಲ್‌ಹಮ್ದುಲಿಲ್ಲಾ. ನನ್ನ ಕತ್ತು ಊದಿದೆ, ಊದಿಕೊಂಡೇ ಇರಲಿ.

ಏಪ್ರಿಲ್ 30, ಬುಧವಾರ

ಬುಶ್ರಾಳನ್ನೂ ಮಗುವನ್ನೂ ಕರೆತರಲು ಆಸ್ಪತ್ರೆಗೆ ಹೋಗಿದ್ದೆ. ತಾಯಿಗೆ ಜ್ವರ ಬಂದು ಹೆಚ್ಚು ದಿನ ಇರಿಸಿಕೊಂಡಿದ್ದರು, ಈಗ ಆರಾಮ. ಮನೆ ಮುಟ್ಟಿದರೆ ಸುಗ್ರಾ ಅಂಗಳದಲ್ಲಿ ತಲೆ ಮೇಲೆತ್ತಿಕೊಂಡು ನಿಂತಿದ್ದಾಳೆ.

"ಹೋದವು ಕಣ್ರೀ," ಎಂದಳು. "ಒಂಬತ್ತು ಗಂಟೆಗೆ ಶುರು ಆಯ್ತು. ಮೊದ್ಲು ಏಳು ಗೂಡು. ಆಮೇಲೆ ಹನ್ನೆರಡು. ಜಗಳೂರು ದಿಕ್ಕಿಗೆ ಒಂದು ಗುಂಪು, ನ್ಯಾಮತಿ ಕಡೆ ಒಂದು ಗುಂಪು. ಇನ್ನು ಐದು ಉಳಿದಾವೆ."

ಮಿಕ್ಕ ಹದಿನೇಳು ಹಿಂದಿನ ದಿನಗಳಲ್ಲಿ ನಾನು ಆಸ್ಪತ್ರೆಗೆ ಓಡಾಡುವಾಗಲೇ ಹೋಗಿದ್ದವಂತೆ, ಅವನ್ನೂ ಎಣಿಸಿಟ್ಟಿದ್ದಾಳೆ. ಒಲೆಯ ಮೇಲೆ ಅನ್ನ ಸೀದು ವಾಸನೆ ಬರುತ್ತಿತ್ತು. ಎರಡು ತಿಂಗಳು ಕಾದವನಿಗೆ ನೋಡಲು ಸಿಗಲಿಲ್ಲ, ಸುಡಿಸಬೇಕೆಂದವಳಿಗೆ ಸಿಕ್ಕಿತು. ಹೊಟ್ಟೆ ಉರಿಯಿತು. ಸುಗ್ರಾ ಅಷ್ಟು ಮಾತಾಡಿದ್ದು ಕಂಡು ಅದೂ ಆರಿತು.

ಮೇ 11, ಭಾನುವಾರ

ಟ್ಯಾಂಕು ತೊಳೆಯಲು ಏಣಿ ಹತ್ತಿದೆ. ಕೆಳಗೆ ಖಾಲಿ ಜೇನು ತಟ್ಟಿಗಳು ಒಣಗಿದ ರೊಟ್ಟಿಯ ಹಾಗೆ ಜೋತಾಡುತ್ತಿವೆ. ಕೆಲಸ ಮುಗಿಸಿ, ಇಪ್ಪತ್ತೆರಡು ವರ್ಷದ ಮೇಲೆ ಕೆರೆಯ ಕಡೆ ತಿರುಗಿ ನಿಂತೆ. ಬೇಸಿಗೆಗೆ ನೀರು ಹಿಂದೆ ಸರಿದಿದೆ, ಆದರೂ ದೊಡ್ಡದು. ಎಷ್ಟು ಹೊತ್ತು ನಿಂತಿದ್ದೆನೋ.

ಮೇಣದ ಚೂರೊಂದು ತಂದು ಬುಶ್ರಾಗೆ ಕೊಟ್ಟೆ. ಮಗು ಅವಳ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು.

"ಮೇಲಿಂದ ಕೆರೆ ಕಾಣ್ತೈತಾ ಅಬ್ಬಾ ಈಗ್ಲೂ?"

ಕಾಣುತ್ತದೆ ಎಂದೆ. ಆಮೇಲೆ ಎಲ್ಲ ಹೇಳಿದೆ. ದುಪಟ್ಟಾ, ಏಣಿ, ಹುಳ, ನೀಲಿ ತುಟಿ, ಎಲ್ಲ ನನ್ನಿಂದಲೇ ಆದದ್ದು ಎಂದೆ. ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಬುಶ್ರಾ ಮೇಣವನ್ನು ಮೂಸಿ ನೋಡುತ್ತಾ ಹೇಳಿದಳು. "ಕಚ್ಚಿದ್ದು ನನಗೆ ನೆನಪೇ ಇಲ್ಲ ಅಬ್ಬಾ. ಅಮ್ಮೀ ಹೇಳಿದ್ದಕ್ಕೆ ಗೊತ್ತು. ನನಗೆ ನೆನಪಿರೋದು ಕೆರೆ ಒಂದೇ. ನಿಮ್ಮ ಕೂದಲು ಹಿಡ್ಕಂಡಿದ್ದೆ, ಅಷ್ಟು ನೀರು ಐತೆ ಅಂತ ಅವತ್ತೇ ನೋಡಿದ್ದು."

ನಾನು ಹೊರಗೆ ಬಂದು ವಾಲ್ವಿನ ಹತ್ತಿರ ಕೂತೆ. ನೀರು ಬಿಡುವ ಹೊತ್ತಾಗಿರಲಿಲ್ಲ. ಅತ್ತುಬಿಟ್ಟೆ. ಇಲ್ಲಿ ಬರೆಯಲು ನಾಚಿಕೆಯೇನು.

ನವೆಂಬರ್ 12, ಬುಧವಾರ

ಆರು ತಿಂಗಳಿಂದ ಈ ಪುಸ್ತಕ ಮುಟ್ಟಿರಲಿಲ್ಲ, ಬರೆಯುವಂಥದ್ದೇನೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಸುಗ್ರಾ ಎಬ್ಬಿಸಿದಳು. ಟ್ಯಾಂಕಿನ ಪೂರ್ವದ ಮೂಲೆಯಲ್ಲಿ ಒಂದು ಗೂಡು, ಊಟದ ತಟ್ಟೆಯಷ್ಟು. ಸುಧಾ ಮೇಡಂಗೆ ಫೋನು ಮಾಡಿದೆ. ಹೋದ ಹುಳಗಳು ವಾಪಸ್ ಬರುವಷ್ಟು ದಿನ ಬದುಕುವುದಿಲ್ಲವಂತೆ. ಬಂದಿರುವುದು ಅವುಗಳ ಮಕ್ಕಳೋ ಮೊಮ್ಮಕ್ಕಳೋ. ಯಾವತ್ತೂ ನೋಡಿರದ ಟ್ಯಾಂಕಿಗೆ ಅವಕ್ಕೆ ದಾರಿ ಹೇಗೆ ಸಿಗುತ್ತದೆ ಎಂದು ಕೇಳಿದೆ. "ಅದು ನಮಗೂ ಇನ್ನೂ ಸರಿಯಾಗಿ ಗೊತ್ತಿಲ್ಲ ಸಾಬ್ರೆ," ಎಂದರು. ಓದಿದವರಿಗೂ ಗೊತ್ತಿಲ್ಲದ್ದೊಂದು ನಮ್ಮ ಮನೆಯ ಮುಂದೆ ನೇತಾಡುತ್ತಿದೆ.

ಸೀಮೆಎಣ್ಣೆ ಗಳುವನ್ನು ಸುಗ್ರಾ ಬಟ್ಟೆ ಒಣಹಾಕಲು ಹಿತ್ತಲಿಗೆ ಕಟ್ಟಿಕೊಂಡಿದ್ದಾಳೆ, ಟ್ಯಾಂಕಿನಿಂದ ಆದಷ್ಟು ದೂರಕ್ಕೆ. ಏಣಿಯ ಬೀಗಕ್ಕೆ ಎಣ್ಣೆ ಬಿಟ್ಟು ಹಾಕಿ ಬಂದೆ. ಜಯಪ್ಪನನ್ನು ಕರೆದು ನಲವತ್ತು ಸುತ್ತು ಎಣಿಸುವುದನ್ನು ಕಲಿಸಿದೆ. ನಗಲಿಲ್ಲ.

ಭಾನುವಾರ ಬುಶ್ರಾ ಮಗುವನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದಾಳೆ. ಮನೆಗೆ ಬೇಡ, ನೇರ ಕೆರೆ ಏರಿಗೇ ಬಾ ಎಂದೆ. ಮಳೆ ಚೆನ್ನಾಗಿ ಆಗಿದೆ, ನೀರು ಗುಡ್ಡದಿಂದ ಗುಡ್ಡಕ್ಕೆ ನಿಂತಿದೆ. ಮಗು ಈಗ ಆಸರೆಯಿಲ್ಲದೆ ಕೂರುತ್ತದಂತೆ. ಹೆಗಲ ಮೇಲೆ ಕೂರಿಸಿಕೊಳ್ಳಬಹುದು.